ಪೆನ್ಸಿಲ್ ಕನ್ನಡಕ

ಒಪೆರಾದ ಎರಡನೆಯ ಅಂಕದಲ್ಲಿ ಬಿರುಗಾಳಿ ನಿಂತ ಮೇಲೆ ಮೂರು ಆವರ್ತ ಖಾಲಿ. ಯಾರೂ ನುಡಿಸುವುದಿಲ್ಲ, ಯಾರೂ ಹಾಡುವುದಿಲ್ಲ. ಆಮೇಲೆ ದೀಪಸ್ತಂಭದ ಕಾವಲುಗಾರನ ಹೆಂಡತಿ ಮಂಡಿಯೂರಿ ಪ್ರಾರ್ಥನೆ ಎತ್ತಿಕೊಳ್ಳಬೇಕು, ತಂತಿವಾದ್ಯಗಳು ಅವಳ ಜೊತೆ ಮೆಲ್ಲಗೆ ಸೇರಿಕೊಳ್ಳಬೇಕು. ಬುಧವಾರದ ಪ್ರದರ್ಶನದಲ್ಲಿ ಟೀಲೋ ಗ್ರಾಬೋ ಎಂಬ ಮೂವತ್ತೊಂದು ವರ್ಷದ ವಾದ್ಯವೃಂದ ನಿರ್ದೇಶಕ ಎರಡೇ ಆವರ್ತ ಎಣಿಸಿ, ಹೊರಡಿ ಎಂದು ತಾಳದ ಕೋಲು ಇಳಿಸಿಬಿಟ್ಟ.

ಅರ್ಧ ವಾದ್ಯವೃಂದ ಅವನ ಕೋಲಿನ ಜೊತೆ ಹೊರಟಿತು. ಇನ್ನರ್ಧ ತನ್ನ ಎಣಿಕೆಯನ್ನೇ ನಂಬಿ ಕೂತಿದ್ದು, ಒಂದು ಆವರ್ತ ತಡವಾಗಿ ಹೊರಟಿತು. ನಾಯಕಿ ಬಾಯಿ ತೆರೆದಳು, ಮುಚ್ಚಿದಳು, ಯಾರ ಜೊತೆ ಹೋಗಬೇಕೆಂದು ತಿಳಿಯದೆ ಮತ್ತೆ ತೆರೆದಳು. ಎಂಟು ಆವರ್ತಗಳಷ್ಟು ಹೊತ್ತು ಅಲ್ಲಿ ಸಂಗೀತ ಇರಲಿಲ್ಲ, ಸಂತೆ ಇತ್ತು. ಮೇಲಿನ ಬಾಲ್ಕನಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಆರನೆಯ ಸಾಲಿನಲ್ಲಿ ಕೂತಿದ್ದ ವೀಬ್ಕೆ ಕಾರ್ಸ್ಟೆನ್ಸ್ ಕೈಯಲ್ಲಿದ್ದ ಕಾರ್ಯಕ್ರಮ ಪುಸ್ತಿಕೆಯನ್ನು ಸುರುಳಿ ಸುತ್ತಿ ಒಗೆದ ಬಟ್ಟೆಯ ಹಾಗೆ ಹಿಂಡಿದಳು. ಆ ಪುಸ್ತಿಕೆಯ ಮುಖಪುಟದಲ್ಲಿ ಇದ್ದದ್ದು ಅವಳದೇ ಚಿತ್ರ.

ವೀಬ್ಕೆಗೆ ಅರವತ್ತೆಂಟು. ವಾರ್ನೆಬೆಕ್ ಎಂಬ ಈ ಬಂದರಿನ ಊರಿನ ಒಪೆರಾ ಮಂದಿರದಲ್ಲೇ ಅವಳು ಕೆಲಸ ಕಲಿತದ್ದು. ಆಗ ಗಾಯಕರಿಗೆ ಪಾಠ ಮಾಡಿಸುವ ಪಿಯಾನೋ ಹುಡುಗಿ. ಸಾವಿರದ ಒಂಬೈನೂರ ಎಂಬತ್ತಾರರ ಮಾರ್ಚ್‌ನಲ್ಲಿ ಒಂದು ದಿನ, ಹಿರಿಯ ನಿರ್ದೇಶಕರಿಗೆ ಪಿತ್ತಕೋಶದ ಕಲ್ಲು ಕೆರಳಿ, ನಾಲ್ಕು ಗಂಟೆಗೆ ಆಸ್ಪತ್ರೆ ಸೇರಿದರು. ಏಳು ಗಂಟೆಗೆ ಪ್ರದರ್ಶನ. ಇದೇ ಒಪೆರಾ. ಬೇರೆ ಯಾರೂ ಸಿಗದೆ ಅವಳ ಕೈಗೆ ಕೋಲು ಕೊಟ್ಟರು. ಒಂದೇ ಒಂದು ತಾಲೀಮು ಇಲ್ಲ. ವಾದ್ಯದವರು ಕೂರುವ ಹಳ್ಳದಲ್ಲಿ ಐವತ್ತು ಮಂದಿ ಇದ್ದರು, ಅವರಲ್ಲಿ ನಲವತ್ತಾರು ಗಂಡಸರು. ಇಪ್ಪತ್ತೊಂಬತ್ತರ ಹುಡುಗಿ ಎಳ್ಳಷ್ಟೂ ತಪ್ಪಿಲ್ಲದೆ ಒಪೆರಾ ಮುಗಿಸಿದಳು. ಆ ಮೂರು ಖಾಲಿ ಆವರ್ತಗಳ ಜಾಗದಲ್ಲಂತೂ ಕೋಲು ಎತ್ತಿ ಹಿಡಿದವಳು, ಸಭೆ ಉಸಿರು ಬಿಗಿಹಿಡಿಯುವವರೆಗೂ ಇಳಿಸಲಿಲ್ಲ. ಆ ಮೌನದ ಬಗ್ಗೆ ಪತ್ರಿಕೆಯ ವಿಮರ್ಶಕ ಅರ್ಧ ಕಾಲಂ ಬರೆದ. ಕೊನೆಯಲ್ಲಿ ಅವಳು ವಾದ್ಯವೃಂದಕ್ಕೆ ಏಳಲು ಕೈಸನ್ನೆ ಮಾಡಿದರೆ ಒಬ್ಬರೂ ಏಳಲಿಲ್ಲ. ಚಪ್ಪಾಳೆಯಲ್ಲಿ ನಮಗೆ ಪಾಲು ಬೇಡ, ಎಲ್ಲ ನಿನಗೇ ಎಂದು ಹೇಳುವುದಕ್ಕೆ ಈ ಜನರಿಗೆ ಇರುವ ದಾರಿ ಅದೊಂದೇ. ಅದನ್ನು ಪಡೆಯದೆ ಸತ್ತ ದೊಡ್ಡ ನಿರ್ದೇಶಕರು ಎಷ್ಟೋ ಮಂದಿ.

ಈ ಕಥೆಯನ್ನು ವೀಬ್ಕೆ ಎಷ್ಟು ಸಲ ಹೇಳಿದ್ದಳೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಲ್ಪವಿರಾಮ ಸಹಿತ ಒಪ್ಪಿಸುತ್ತಿದ್ದಳು. ಅಲ್ಲಿಂದ ಲಂಡನ್, ಮಿಲಾನ್, ವಿಯೆನ್ನಾ, ಟೋಕಿಯೋ. ವರ್ಷಕ್ಕೆ ಇನ್ನೂರು ದಿನ ಹೋಟೆಲಿನ ಹಾಸಿಗೆ. ಹ್ಯಾಂಬರ್ಗ್‌ನ ಮನೆಯಲ್ಲಿ ಹತ್ತು ವರ್ಷ ಕಾದ ಗಂಡ, ಜಗಳವನ್ನೇನೂ ಆಡದೆ, ಹೂಕುಂಡಗಳಿಗೆ ನೀರು ಹಾಕಿಸುವ ವ್ಯವಸ್ಥೆ ಮಾಡಿ ಹೊರಟುಹೋದ. ಅದಕ್ಕೆ ಅವಳು ಅತ್ತದ್ದು ಒಂದು ವಿಮಾನ ಪ್ರಯಾಣದಷ್ಟು ಹೊತ್ತು. ಎಲ್ಲ ಊರಿನವರೂ ಅವಳ ಆ ಮೌನಕ್ಕಾಗಿ ಕಾಯುತ್ತಿದ್ದರು. ಹೋದಲ್ಲೆಲ್ಲ ತನ್ನದೇ ಸ್ವರಪುಸ್ತಕಗಳ ಪೆಟ್ಟಿಗೆ ಒಯ್ಯುತ್ತಿದ್ದಳು. ಒಂದೊಂದು ವಾದ್ಯಕ್ಕೂ ಒಂದೊಂದು ಪುಸ್ತಕ, ಅಚ್ಚುಕಟ್ಟು ಮುದ್ರಣ, ಎಲ್ಲಿ ಹೇಗೆ ನುಡಿಸಬೇಕೆಂಬ ಅವಳ ಗುರುತುಗಳ ಸಮೇತ. ಮೂರನೆಯ ಖಾಲಿ ಆವರ್ತದ ಮೇಲೆ, 'ಕೋಲು ಇಳಿಯುವ ತನಕ ನಿಲ್ಲಿ' ಎಂಬುದಕ್ಕೆ ಒಂದು ಅರ್ಧಚಂದ್ರ ಮತ್ತು ಚುಕ್ಕೆಯನ್ನು ಅಚ್ಚು ಹಾಕಿಸಿದ್ದಳು. ಈ ಸಲ ವಾರ್ನೆಬೆಕ್‌ಗೆ ಐದು ಪ್ರದರ್ಶನಕ್ಕೆಂದು ಬಂದಾಗಲೂ ಆ ಪೆಟ್ಟಿಗೆ ಜೊತೆಗೆ ಬಂದಿತ್ತು. ಐದರಲ್ಲಿ ನಾಲ್ಕನೆಯದನ್ನು ಇಲ್ಲಿಯ ಕಿರಿಯ ನಿರ್ದೇಶಕ ಟೀಲೋಗೆ ಕೊಟ್ಟು ಪರೀಕ್ಷೆ ಮಾಡುವುದೆಂದು ಮೊದಲೇ ಮಾತಾಗಿತ್ತು.

ಗುರುವಾರ ಬೆಳಿಗ್ಗೆ ಮಂದಿರದ ಮುಖ್ಯಸ್ಥ ಓಸ್ಟರ್‌ಕಾಂಪ್ ಅವಳನ್ನು ಮೆಟ್ಟಿಲ ಬಳಿಯೇ ಹಿಡಿದ. ಒಳ್ಳೆಯ ಉಣ್ಣೆಯ ಕೋಟು, ಕೆಟ್ಟ ನಿದ್ದೆಯ ಕಣ್ಣು.

"ಮಾಯೆಸ್ತ್ರಾ, ನಿನ್ನೇದು ನೋಡಿದ್ರಲ್ಲ. ಈ ತಿಂಗಳು ಮುಗಿಯೋದ್ರೊಳಗೆ ಬೇಡ ಅಂತ ಹೇಳದೇ ಇದ್ರೆ ಅವನ ಕರಾರು ತಾನಾಗೇ ಮುಂದುವರಿಯುತ್ತೆ. ನಾಳೆ ತಿಂಗಳ ಕೊನೇ ದಿನ, ಹಬ್ಬದ ರಜೆ. ಅಂದ್ರೆ ಇವತ್ತೇ. ನಾಲ್ಕು ಗಂಟೆಗೆ ನಿಮ್ಮ ಎರಡು ಸಾಲು ಕೈಗೆ ಬಂದ್ರೆ ಸಾಕು."

"ನಿಮ್ಮ ಮನಸಲ್ಲಿ ಏನಿದೆ?"

"ನನ್ನ ಮನಸು ಯಾರಿಗೆ ಬೇಕು? ನೀವು ಹೇಳಿದ್ಮೇಲೆ ಮುಗೀತು. ನೀವು ಬೇಡ ಅಂದವನನ್ನ ಈ ದೇಶದಲ್ಲಿ ಯಾವ ಮಂದಿರ ಇಟ್ಕೊಳ್ಳುತ್ತೆ ಹೇಳಿ?"

ಅದು ನಿಜ. ವೀಬ್ಕೆಗೂ ಗೊತ್ತಿತ್ತು, ಮತ್ತು ಅದು ಗೊತ್ತಿರುವುದು ಅವಳಿಗೆ ಇಷ್ಟವೇ ಆಗುತ್ತಿತ್ತು. ಅವಳು ಕ್ಯಾಂಟೀನಿಗೆ ಹೋಗಿ ಹೆರಿಂಗ್ ಮೀನಿನ ಬನ್ನು, ಕಪ್ಪು ಕಾಫಿ ತೆಗೆದುಕೊಂಡು ಕಿಟಕಿಯ ಪಕ್ಕ ಕೂತಳು.

ಟೀಲೋ ತಾನೇ ಹುಡುಕಿಕೊಂಡು ಬಂದ. ಗಡ್ಡ ಬೋಳಿಸಿರಲಿಲ್ಲ.

"ಮೊಯಿನ್, ಫ್ರಾವ್ ಕಾರ್ಸ್ಟೆನ್ಸ್," ಎಂದು ಆ ಕಡೆಯವರ ರೂಢಿಯಂತೆ ನಮಸ್ಕಾರ ಹೇಳಿದ.

"ಮೊಯಿನ್. ಕೂತ್ಕೋ."

"ನಿಂತೇ ಇರ್ತೀನಿ. ಬೈಸ್ಕೊಳ್ಳೋದಕ್ಕೆ ನಿಂತಿರೋದೇ ಸುಲಭ."

ವೀಬ್ಕೆಗೆ ನಗು ಬಂತು. ಅದನ್ನು ಕಾಫಿಯ ಜೊತೆ ನುಂಗಿದಳು. "ಎಷ್ಟು ಎಣಿಸಿದೆ?"

"ಎರಡು."

"ಪುಸ್ತಕದಲ್ಲಿ ಎಷ್ಟಿದೆ?"

"ಮೂರು."

"ಒಂದನೇ ಕ್ಲಾಸಿನ ಮಕ್ಕಳು ಮಾಡೋ ಲೆಕ್ಕ. ಆ ಹೊತ್ತಲ್ಲಿ ತಲೆ ಎಲ್ಲಿಗೆ ಹೋಗಿತ್ತು?"

ಟೀಲೋ ಕಿಟಕಿಯಾಚೆ ಹಡಗುಕಟ್ಟೆಯ ಕಡೆ ನೋಡಿದ. "ನಿಮ್ಮ ಮೌನದ ಕಡೆ. ನಿಮ್ಮ ರೆಕಾರ್ಡಿಂಗ್‌ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಅದೇ ಥರ ಹಿಡೀಬೇಕು, ಅದೇ ಥರ ಹಿಡೀಬೇಕು ಅಂತ ಯೋಚನೆ ಮಾಡ್ತಾ ಇದ್ದೆ. ಎಣಿಸೋದೇ ಮರೆತೋಯ್ತು. ನೆಪ ಹೇಳ್ತಾ ಇಲ್ಲ, ಕೇಳಿದ್ರಿ ಅಂತ ಹೇಳಿದೆ."

"ನನಗೆ ಸಿಕ್ಕಿದ್ದು ಮೂರು ಗಂಟೆ. ಒಂದು ತಾಲೀಮಿಲ್ಲ. ನಿನಗೆ ಮೂರು ತಾಲೀಮು ಕೊಟ್ಟಿದ್ದೀನಿ."

"ಗೊತ್ತು."

"ಗೊತ್ತಿದ್ದೂ?"

ಅವನು, ಹೆಂಡತಿಗೆ ಈ ಊರಿನ ಶಾಲೆಯಲ್ಲಿ ಕೆಲಸ, ಎರಡು ವರ್ಷದ ಮಗು ಎಂದೆಲ್ಲ ಹೇಳಿಕೊಳ್ಳಬಹುದಿತ್ತು. ಓಸ್ಟರ್‌ಕಾಂಪ್ ಅದನ್ನು ಅವಳಿಗೆ ಮೊದಲೇ ಹೇಳಿದ್ದ. ಟೀಲೋ ಹೇಳಲಿಲ್ಲ. ತಲೆಬಾಗಿಸಿ, ಎದುರಿನ ಖಾಲಿ ಕುರ್ಚಿಯನ್ನು ಸದ್ದಾಗದ ಹಾಗೆ ಒಳಗೆ ತಳ್ಳಿ ಹೋದ. ಒಳ್ಳೆಯ ಹುಡುಗ ಎಂದುಕೊಂಡಳು ವೀಬ್ಕೆ, ಆದರೆ ಒಳ್ಳೆಯತನ ತಾಳ ಎಣಿಸುವುದಿಲ್ಲವಲ್ಲ. ತಾನು ಅಂಥ ಕಡೆ ಒಮ್ಮೆಯಾದರೂ ಎಡವಿದ್ದರೆ ಇವತ್ತು ಎಲ್ಲೋ ಒಂದು ಚರ್ಚಿನಲ್ಲಿ ಮಕ್ಕಳಿಗೆ ಭಜನೆ ಹೇಳಿಕೊಡುತ್ತ ಇರುತ್ತಿದ್ದೆ ಎಂದು ಅವಳು ಪೂರ್ತಿಯಾಗಿ ನಂಬಿದ್ದಳು.

ಬರೆಯುವುದಕ್ಕೆ ಅವಳು ಆರಿಸಿಕೊಂಡದ್ದು ನೆಲಮಾಳಿಗೆಯ ಸ್ವರಪುಸ್ತಕಗಳ ಕೋಣೆ. ಅಲ್ಲಿ ಉದ್ದನೆಯ ಮೇಜಿದೆ, ಹಳೆ ಕಾಗದದ ವಾಸನೆಯಿದೆ, ಯಾರೂ ಬಂದು ಮಾಯೆಸ್ತ್ರಾ ಎನ್ನುವುದಿಲ್ಲ. ಕೋಣೆ ನೋಡಿಕೊಳ್ಳುವ ಗೇಸಾ ತನ್ನ ಪಾಡಿಗೆ ತಾನು ಬುಧವಾರದ ಪುಸ್ತಕಗಳನ್ನು ಎಣಿಸಿಕೊಳ್ಳುತ್ತಿದ್ದಳು. ಶನಿವಾರ ಕೊನೆಯ ಪ್ರದರ್ಶನ, ಆಮೇಲೆ ಪೆಟ್ಟಿಗೆ ಓಸ್ಲೋಗೆ ಹೋಗಬೇಕು.

ವೀಬ್ಕೆ ಬರೆದಳು. 'ಶ್ರೀ ಗ್ರಾಬೋ ಅವರಲ್ಲಿ ಸಂಗೀತವಿದೆ. ಆದರೆ ಒಪೆರಾ ನಡೆಸಲು ಬೇಕಾದ ಸ್ಥಿರತೆ ಇಲ್ಲ. ಅವರ ಕರಾರನ್ನು ಮುಂದುವರಿಸಬಾರದೆಂದು ನನ್ನ ಅಭಿಪ್ರಾಯ.' ಓದಿ ನೋಡಿದಳು. 'ಸ್ಥಿರತೆ' ಎಂಬ ಮಾತು ಅವಳಿಗೆ ಹಿಡಿಸಿತು.

ಆಗ ಬಾಗಿಲು ತಳ್ಳಿಕೊಂಡು ಹಿನ್ನೆರ್ಕ್ ಪೊಪ್ಪೆ ಬಂದ. ಡಬಲ್ ಬಾಸ್ ನುಡಿಸುವವನು. ಬಾಗಿಲಿಗಿಂತ ಎತ್ತರ, ತನ್ನ ವಾದ್ಯದಷ್ಟೇ ಅಗಲ. ಎಂಬತ್ತಾರರ ಆ ಪ್ರದರ್ಶನದಲ್ಲಿ ಇದ್ದವರ ಪೈಕಿ ಇನ್ನೂ ನುಡಿಸುತ್ತಿರುವವನು ಅವನೊಬ್ಬನೇ. ಬೇಸಿಗೆಗೆ ಅವನಿಗೂ ನಿವೃತ್ತಿ.

"ಏನೇ ವೀಬ್ಕೆ, ತೀರ್ಪು ಬರೀತಿದ್ದೀಯಂತೆ? ಕ್ಯಾಂಟೀನಲ್ಲಿ ಸೂಪು ಬಡಿಸೋಳಿಗೂ ಗೊತ್ತು."

"ಬರೆದಾಯ್ತು. ಸಹಿ ಒಂದು ಬಾಕಿ."

"ಏನಂತ?"

"ಏನಂತ ಅಂದ್ರೆ? ನೀನೂ ಅಲ್ಲೇ ಇದ್ದೆಯಲ್ಲ. ಮೂರು ಎಣಿಸಕ್ಕೆ ಬಾರದವನ ಕೈಗೆ ಕೋಲು ಕೊಡಕ್ಕಾಗುತ್ತಾ?"

ಹಿನ್ನೆರ್ಕ್ ತನ್ನ ಪುಸ್ತಕವನ್ನು ಗೇಸಾಳ ಮುಂದಿಟ್ಟ. ಹೋಗಲಿಲ್ಲ. ಕತ್ತು ಕೆರೆದುಕೊಂಡ.

"ಎಣಿಸದೇ ಇದ್ದಿದ್ದು ಅವನೊಬ್ಬನೇ ಅಲ್ಲ ಕಣೇ. ನಾವು ಹಳಬರು ಎಣಿಸಿದ್ವಿ. ಹೊಸಬರು ಅವನ ಕೋಲು ನೋಡ್ತಾ ಕೂತಿದ್ರು. ಅವರನ್ನ ಅಂದು ಏನು ಪ್ರಯೋಜನ? ನಿನ್ನ ಪುಸ್ತಕದಲ್ಲಿ ನಿಲ್ಲಿ, ಕೋಲು ನೋಡಿ ಅಂತ ಅಚ್ಚಾಗಿದೆ. ಕನ್ನಡಕ ಎಲ್ಲಿದೆ ಅದ್ರಲ್ಲಿ?"

ಅಪಾಯದ ಜಾಗ ಬಂದರೆ ವಾದ್ಯದವರು ಪುಸ್ತಕದ ಆ ಸಾಲಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಕನ್ನಡಕ ಬರೆಯುತ್ತಾರೆ. ಕಣ್ಣು ಬಿಟ್ಟು ನೋಡು ಎಂದರ್ಥ. ಲಿಸ್ಬನ್‌ನಿಂದ ಹೆಲ್ಸಿಂಕಿಯವರೆಗೆ ಎಲ್ಲ ಕಡೆ ಅದೇ ಎರಡು ಸೊನ್ನೆ, ನಡುವೆ ಒಂದು ಗೀಟು. ಅದು ವೀಬ್ಕೆಗೆ ಗೊತ್ತಿಲ್ಲದ್ದೇನಲ್ಲ.

"ಅಲ್ಲಿ ಯಾಕೆ ಕನ್ನಡಕ?" ಎಂದಳು. "ಅಲ್ಲಿ ನುಡಿಸೋದೇ ಇಲ್ವಲ್ಲ. ಖಾಲಿ ಜಾಗ."

"ಅದೂ ಸರಿ ಅನ್ನು. ನಾನು ಬರ್ತೀನಿ. ಸೂಪು ಆರೋಗುತ್ತೆ."

ಹಿನ್ನೆರ್ಕ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿ ತಪ್ಪಿ ಏನೋ ಆಡಿಬಿಟ್ಟವನ ಮುಖ ಅವನದಾಗಿತ್ತು. ಗೇಸಾ ಎಣಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು, ಅವಳಿಗೂ ಗೊತ್ತಿರುವ ಹಾಗೆ. ವೀಬ್ಕೆ ಎದ್ದಳು. ಕಪಾಟಿನ ಕೆಳಗಿನ ಸಾಲಿನಲ್ಲಿ ಮಂದಿರದ ಹಳೆಯ ಪುಸ್ತಕಗಳು ಒಂದು ದಾರದಲ್ಲಿ ಕಟ್ಟಿದ ಹಾಗೇ ಇದ್ದವು. ಅವಳ ಪೆಟ್ಟಿಗೆ ಬಂತೆಂದು ಈ ಸಲ ಅವನ್ನು ಬಿಚ್ಚಿಯೇ ಇರಲಿಲ್ಲ.

"ಅದು ಬರೀ ಧೂಳು, ಫ್ರಾವ್ ಕಾರ್ಸ್ಟೆನ್ಸ್," ಎಂದಳು ಗೇಸಾ.

ವೀಬ್ಕೆ ದಾರ ಬಿಚ್ಚಿದಳು. ಮೇಲೆಯೇ ಇದ್ದದ್ದು ಡಬಲ್ ಬಾಸಿನ ಪುಸ್ತಕ. ಎರಡನೆಯ ಅಂಕ ತಿರುವಿದಳು. ಬಿರುಗಾಳಿ ಮುಗಿಯಿತು, ಮೂರು ಖಾಲಿ ಆವರ್ತ ಬಂತು. ಅದರ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಕನ್ನಡಕ. ಎಷ್ಟು ಸಲ ತಿದ್ದಿ ಗಾಢ ಮಾಡಿದ್ದರೆಂದರೆ ಕಾಗದ ಸವೆದು ಹೊಳೆಯುತ್ತಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರ: 'ಕೋಲು ನಂಬಬೇಡ. ನೀನೇ ಎಣಿಸು. ಫೋಲ್ಕ್‌ಮಾರ್‌ನನ್ನು ನೋಡು.'

ಫೋಲ್ಕ್‌ಮಾರ್ ಎಂದರೆ ಆ ಕಾಲದ ಮೊದಲ ಪಿಟೀಲಿನವನು. ಸತ್ತು ಹದಿನಾರು ವರ್ಷ.

"ಯಾರ ಕೋಲು ಇದು?" ಎಂದಳು ವೀಬ್ಕೆ.

"ಯಾರ್ಯಾರೋ ಬರ್ತಾರೆ, ಹೋಗ್ತಾರೆ," ಎಂದ ಹಿನ್ನೆರ್ಕ್.

ವೀಬ್ಕೆ ಪುಸ್ತಕ ಮಗುಚಿದಳು. ಕೊನೆಯ ಹಾಳೆಯ ಹಿಂಬದಿಯಲ್ಲಿ ವಾದ್ಯದವರು ಏನೇನೋ ಬರೆದಿಡುತ್ತಾರೆ: ತಾರೀಕು, ಹವಾಮಾನ, ನಾಯಕಿ ಹೇಗೆ ಹಾಡಿದಳು, ಪ್ರದರ್ಶನ ಎಷ್ಟು ನಿಮಿಷ ನಡೆಯಿತು. ಅಲ್ಲಿ ಹಿನ್ನೆರ್ಕ್‌ನ ಎಳೆಯ ಕಾಲದ ಕೈಬರಹ ಇತ್ತು.

'೧೨ ಮಾರ್ಚ್ ೧೯೮೬. ಹೊರಗೆ ಆಲಿಕಲ್ಲು. ಹಿರಿಯರು ಆಸ್ಪತ್ರೆಯಲ್ಲಿ. ಪಿಯಾನೋ ಹುಡುಗಿ ಕೋಲು ಹಿಡಿದಳು. ಖಾಲಿ ಜಾಗದಲ್ಲಿ ಒಂದು ಆವರ್ತ ಮೊದಲೇ ಹೊಡೆದಳು. ಫೋಲ್ಕ್‌ಮಾರ್ ತೊಡೆಯ ಮೇಲಿನ ಪಿಟೀಲು ಎತ್ತಲಿಲ್ಲ. ನಾವೂ ನುಡಿಸಲಿಲ್ಲ. ಮಿಕ್ಕಿದ್ದೆಲ್ಲ ಚೆನ್ನಾಗಿತ್ತು. ಅವಳಿಗೆ ಹೇಳಬಾರದೆಂದು ಫೋಲ್ಕ್‌ಮಾರ್ ಎಲ್ಲರ ಹತ್ತಿರ ಮಾತು ತೆಗೆದುಕೊಂಡಿದ್ದಾನೆ.'

ಅವಳು ಇನ್ನೊಂದು ಪುಸ್ತಕ ತೆಗೆದಳು. ಅಲ್ಲೂ ಕನ್ನಡಕ. ಕ್ಲಾರಿನೆಟ್‌ನವನು ಕನ್ನಡಕದ ಕೆಳಗೆ ಒಂದು ಮೂಗನ್ನೂ ಬರೆದಿದ್ದ. ಕೊಂಬಿನವರದರಲ್ಲಿ, ವಿಯೋಲಾದವರದರಲ್ಲಿ, ತಮಟೆಯವನದರಲ್ಲಿ ಬೇರೆ ಬೇರೆ ಕೈ, ಬೇರೆ ಬೇರೆ ಪೆನ್ಸಿಲ್, ಅದೇ ಜಾಗ. ಮೂವತ್ತೊಂಬತ್ತು ವರ್ಷ ಈ ಮಂದಿರಕ್ಕೆ ಬಂದ ಒಬ್ಬೊಬ್ಬ ನಿರ್ದೇಶಕನನ್ನೂ ಆ ಜಾಗದಲ್ಲಿ ಬೀಳದಂತೆ ಹಿಡಿದದ್ದು ಅವಳ ತಪ್ಪಿನ ನೆನಪು. ಈ ವರ್ಷ ತನ್ನ ಹೊಳೆಯುವ ಪುಸ್ತಕಗಳನ್ನು ತಂದು ಅದನ್ನು ತೆಗೆದುಹಾಕಿದವಳೂ ಅವಳೇ. ಟೀಲೋ ಬಿದ್ದದ್ದು ಅಲ್ಲಿ.

ಅವಳು ಸ್ಟೂಲಿನ ಮೇಲೆ ಕೂತಳು. ನಾಚಿಕೆ ಕಿವಿಯವರೆಗೂ ಏರಿ ಸುಡತೊಡಗಿತು, ಅರವತ್ತೆಂಟರಲ್ಲಿ ಇಷ್ಟು ನಾಚಿಕೆಯಾಗಬಹುದೆಂದು ಅವಳು ಎಣಿಸಿರಲಿಲ್ಲ. ಏಕೆಂದರೆ ಓದುತ್ತಿದ್ದ ಹಾಗೆ ಅವಳಿಗೆ ಎಲ್ಲ ನೆನಪಾಗಿತ್ತು. ನೆನಪಾಯಿತೆನ್ನುವುದೂ ಪೂರ್ತಿ ನಿಜವಲ್ಲ. ಅದು ಯಾವತ್ತೂ ಮರೆತಿರಲಿಲ್ಲ, ಮೇಲೆ ಬಣ್ಣ ಬಳಿದಿತ್ತು ಅಷ್ಟೆ. ಕೋಲು ಇಳಿದಿತ್ತು. ಐವತ್ತು ಮಂದಿಯ ಮುಂದೆ ಕೈ ಪೂರ್ತಿ ಕೆಳಗೆ ಬಂದಿತ್ತು, ಒಂದು ಸದ್ದೂ ಹುಟ್ಟಿರಲಿಲ್ಲ. ಮುಗೀತು ಎಂದುಕೊಂಡದ್ದು, ಕೈಯನ್ನು ಮತ್ತೆ ಎತ್ತಿ ಎತ್ತಿದಲ್ಲೇ ಹಿಡಿದು ನಿಂತದ್ದು, ಯಾಕೆಂದರೆ ಮುಂದೇನು ಮಾಡಬೇಕೆಂದು ಗೊತ್ತಿರಲಿಲ್ಲ. ಆಗ ಫೋಲ್ಕ್‌ಮಾರ್ ನಿಧಾನವಾಗಿ ಪಿಟೀಲನ್ನು ಗಲ್ಲಕ್ಕೆ ತಂದು, ಅವಳ ಕಣ್ಣು ನೋಡಿ, ಹುಬ್ಬು ಇಷ್ಟೇ ಇಷ್ಟು ಎತ್ತಿದ್ದ. ಈಗ ಎಂದ ಹಾಗೆ. ಮರುದಿನ ಪತ್ರಿಕೆಯಲ್ಲಿ 'ದಿಟ್ಟ ಮೌನ' ಎಂದು ಬಂತು. ಮೊದಲ ಸಂದರ್ಶನದಲ್ಲಿ, ಹೌದು, ಅಲ್ಲಿ ಸ್ವಲ್ಪ ಹೊತ್ತು ತಡೆದೆ ಎಂದಳು. ಹತ್ತನೆಯದರಲ್ಲಿ, ತಡೆಯಬೇಕೆಂದು ನಿರ್ಧರಿಸಿದೆ ಎಂದಳು. ಆಮೇಲೆ ಯಾರಿಗೂ ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ.

"ನೀವು ಎದ್ದು ನಿಲ್ಲಲಿಲ್ಲ," ಎಂದಳು. "ಕೊನೇಲಿ ಯಾರೂ ಏಳಲಿಲ್ಲ. ಅದಾದ್ರೂ..."

ಹಿನ್ನೆರ್ಕ್ ಎದುರಿನ ಪೆಟ್ಟಿಗೆಯ ಮೇಲೆ ಕೂತ. ಪೆಟ್ಟಿಗೆ ನರಳಿತು.

"ಆಗಿನ ಮುಖ್ಯಸ್ಥ ಪರದೆ ಸಂದೀಲಿ ನಿಂತಿದ್ದ. ನಿನಗೆ ಕಾಣಿಸ್ತಿರಲಿಲ್ಲ, ನನಗೆ ಕಾಣಿಸ್ತಿತ್ತು. ಬಿಡುವಿನಲ್ಲೇ ಫೋಲ್ಕ್‌ಮಾರ್‌ನ ಕರೆದು ಕೇಳಿದ್ದ, ಏನೋ ಆಯ್ತಲ್ಲ ಎರಡನೇ ಅಂಕದಲ್ಲಿ, ಹುಡುಗಿ ಎಡವಿದ್ಲಾ ಅಂತ. ಫೋಲ್ಕ್‌ಮಾರ್, ಇಲ್ವಲ್ಲಾ ಅಂದ. ಅವನಿಗೆ ನಂಬಿಕೆ ಬರಲಿಲ್ಲ. ಅದಕ್ಕೇ ಕೂತ್ವಿ. ಇಡೀ ಆರ್ಕೆಸ್ಟ್ರಾ ಹಾಗೆ ಕೂತ್ಮೇಲೆ ಅವನು ನಿನ್ನ ಏನು ಮಾಡಕ್ಕಾಗುತ್ತೆ?"

"ಅಂದ್ರೆ ಕರುಣೆ."

"ಕರುಣೆ ಅಂತೆ!" ಹಿನ್ನೆರ್ಕ್‌ಗೆ ಸಿಟ್ಟು ಬಂತು. "ನಮಗೇನು ಬೇರೆ ಕೆಲಸ ಇರಲಿಲ್ವಾ? ನಿನ್ನ ಕೈ ಚೆನ್ನಾಗಿತ್ತು ಕಣೇ. ಒಂದು ಆವರ್ತ ತಪ್ಪಿತು ಅಂತ ಅಂಥ ಕೈನ ಕಳ್ಕೊಳ್ಳೋದಾ? ಫೋಲ್ಕ್‌ಮಾರ್ ಹೇಳಿದ್ದು ಅಷ್ಟೇ. ಎಣಿಸೋದನ್ನ ನಾವು ಮಾಡೋಣ, ಅವಳು ಮಿಕ್ಕಿದ್ದು ಮಾಡಲಿ ಅಂದ."

ಗೇಸಾ ಮೂಗೊರೆಸಿಕೊಂಡು, ಇಲ್ಲಿ ಧೂಳು ಜಾಸ್ತಿ ಎಂದಳು. ಆಮೇಲೆ ವೀಬ್ಕೆ ಕೇಳಿದಳು, "ಟೀಲೋ ಕೈ ಹೇಗಿದೆ?"

"ಮೊದಲ ಅಂಕ ನೀನೇ ಕೇಳಿದ್ಯಲ್ಲ."

ಕೇಳಿದ್ದಳು. ಮೊದಲ ಅಂಕದ ಕೊನೆಯ ನಾಲ್ವರ ಹಾಡಿನಲ್ಲಿ, ನಾಲ್ವರು ಗಾಯಕರೂ ನಾಲ್ಕು ದಿಕ್ಕಿಗೆ ಎಳೆಯುತ್ತಿದ್ದಾಗ, ಅವನು ಯಾರನ್ನೂ ಗದರಿಸದೆ ಎಲ್ಲರಿಗೂ ಜಾಗ ಮಾಡಿಕೊಟ್ಟು ಒಟ್ಟಿಗೆ ದಡ ಮುಟ್ಟಿಸಿದ್ದ. ಆರನೆಯ ಸಾಲಿನಲ್ಲಿ ಅವಳ ಕತ್ತಿನ ಹಿಂದೆ ರೋಮ ಎದ್ದಿತ್ತು. ಬರೆದ ಹಾಳೆಯಲ್ಲಿ ಅದಕ್ಕೆ 'ಸಂಗೀತವಿದೆ' ಎಂದಷ್ಟೇ ಜಾಗ ಕೊಟ್ಟಿದ್ದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳು ಓಸ್ಟರ್‌ಕಾಂಪ್‌ನ ಕೋಣೆಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಟೀಲೋ ಕೂತಿದ್ದ. ನಾಲ್ಕು ಗಂಟೆಗೆ ಬಾ ಎಂದು ಅವನಿಗೂ ಹೇಳಿದ್ದರು. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ.

ಅವಳು ಬಾಗಿಲು ಮುಚ್ಚಿದಳು. "ಇಟ್ಕೊಳ್ಳಿ ಅವನನ್ನ."

ಓಸ್ಟರ್‌ಕಾಂಪ್ ಪೆನ್ನು ಕೆಳಗಿಟ್ಟ. "ಏನಂದ್ರಿ? ಬೆಳಿಗ್ಗೆ ನಿಮ್ಮ ಮುಖ ಬೇರೆ ಹೇಳ್ತಿತ್ತು. ಮಾಯೆಸ್ತ್ರಾ, ಊರೆಲ್ಲ ನೋಡಿದೆ. ಪತ್ರಿಕೇಲಿ ಬಂದಿದೆ. ಮಂಡಳಿಯವರು ಕಾರಣ ಕೇಳ್ತಾರೆ, ಸುಮ್ನೆ ಹಾಗೇ ಅಂದ್ರೆ ನಡೆಯಲ್ಲ."

ಆ ಕ್ಷಣ ಅವಳಿಗೆ ಸುಲಭದ ದಾರಿಯೂ ಕಂಡಿತು. ವಯಸ್ಸು ಚಿಕ್ಕದು, ತರಬೇತಿ ಕೊಡುತ್ತೇನೆ, ನನ್ನ ಜವಾಬ್ದಾರಿ ಎಂದರೆ ಸಾಕಿತ್ತು. ಅವಳ ದೊಡ್ಡತನಕ್ಕೆ ಇನ್ನೊಂದು ಗರಿ. ಹುಡುಗನೂ ಉಳಿಯುತ್ತಿದ್ದ, ಕಥೆಯೂ ಉಳಿಯುತ್ತಿತ್ತು. ಅವಳಿಗೆ ಆಸೆಯಾಯಿತು, ನಿಜವಾಗಿಯೂ ಆಯಿತು. ಆದರೆ ಬಾಗಿಲಾಚೆ ಕೂತವನು ಆ ಸುಳ್ಳು ಮೌನವನ್ನೇ ಕೇಳಿ ಕೇಳಿ, ಅದನ್ನೇ ಹಿಡಿಯಹೋಗಿ ಬಿದ್ದಿದ್ದ. ಇನ್ನು ಮುಂದೆಯೂ ಜೀವನವಿಡೀ ಹಿಡಿಯಲು ಹೋಗುತ್ತಾನೆ.

ಅವಳು ಬಾಗಿಲು ತೆರೆದಳು. "ಒಳಗೆ ಬಾ ಟೀಲೋ. ನಿನಗೂ ಇದು ಗೊತ್ತಾಗ್ಬೇಕು."

ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಬಾಸ್ ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟಳು, ಇಬ್ಬರೂ ಓದಿದರು. ಓಸ್ಟರ್‌ಕಾಂಪ್ ಎರಡು ಸಲ ಓದಿದ.

"ಶನಿವಾರದ ಪುಸ್ತಿಕೆ ಎಂಟುನೂರು ಪ್ರತಿ ಅಚ್ಚಾಗಿ ಬಂದಿದೆ," ಎಂದ ಅವನು, ದನಿ ಸಣ್ಣದಾಗಿ. "ಅದ್ರಲ್ಲಿ ಪೂರ್ತಿ ನಿಮ್ಮ ಆ ದಿನದ ಕಥೆನೇ ಇದೆ. ಇದು ಈ ಕೋಣೆಯೊಳಗೇ ಇರಲಿ. ಯಾರಿಗೆ ಏನು ನಷ್ಟ?"

"ಹಂಚಿ ಬೇಕಾದ್ರೆ. ನನ್ನ ಯಾರಾದ್ರೂ ಕೇಳಿದ್ರೆ ನಾನು ಹೀಗೇ ಹೇಳ್ತೀನಿ."

ಟೀಲೋ ಇನ್ನೂ ಪುಸ್ತಕವನ್ನೇ ನೋಡುತ್ತಿದ್ದ. "ಹಾಗಾದ್ರೆ ಆ ಮೌನ?"

"ಹೆದರಿಕೆ ಕಣಯ್ಯಾ.  ಬರೀ ಹೆದರಿಕೆ. ನೀನು ನನ್ನ ಹೆದರಿಕೆನ ಬಾಯಿಪಾಠ ಮಾಡಿದ್ದೀಯ."

ಟೀಲೋ ಮೊದಲು ನಕ್ಕ, ಆಮೇಲೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ಓಸ್ಟರ್‌ಕಾಂಪ್ ಇಬ್ಬರನ್ನೂ ನೋಡಿ, ತನ್ನ ಮುಂದಿದ್ದ ನಿರಾಕರಣೆಯ ಪತ್ರವನ್ನು ಮಡಚಿ ಕಸದ ಬುಟ್ಟಿಗೆ ಹಾಕಿದ. ಗುಂಡಿ ಸರಿ ಹಾಕಿಕೊಂಡು ಮನೆಗೆ ಹೋಗು ಎಂದು ಟೀಲೋಗೆ ಹೇಳಿದ.

ವೀಬ್ಕೆ ಮತ್ತೆ ನೆಲಮಾಳಿಗೆಗೆ ಇಳಿದಳು. ಗೇಸಾಳ ಹತ್ತಿರ ಪೆನ್ಸಿಲ್ ಕೇಳಿ, ತನ್ನ ಪೆಟ್ಟಿಗೆಯ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ಅಚ್ಚಾಗಿದ್ದ ಅರ್ಧಚಂದ್ರವನ್ನು ಹೊಡೆದುಹಾಕಿ, ಮೇಲೆ ಕನ್ನಡಕ ಬರೆಯತೊಡಗಿದಳು. ಮೂವತ್ತೆಂಟು ಪುಸ್ತಕ. ಮೊದಲಿನವು ವಕ್ರ ವಕ್ರವಾದವು. ಹಿನ್ನೆರ್ಕ್ ಬಗ್ಗಿ ನೋಡಿ, ಇದೇನು ಕನ್ನಡಕವೋ ಸೈಕಲ್ಲೋ ಎಂದ. ಒಂದೊಂದರ ಪಕ್ಕದಲ್ಲೂ ಅವಳು ಬರೆದಳು: 'ಕೋಲು ನಂಬಬೇಡಿ. ನೀವೇ ಎಣಿಸಿ.' ಕೊನೆಯ ಹಾಳೆಯ ಹಿಂಬದಿಯಲ್ಲಿ ತಾರೀಕು ಹಾಕಿದಳು, ಮೂವತ್ತೊಂಬತ್ತು ವರ್ಷ ಹಿಂದಿನದು.

ಶನಿವಾರ ಆ ಖಾಲಿ ಜಾಗದಲ್ಲಿ ಅವಳು ಕೋಲು ಇಳಿಸುವ ಮುನ್ನ ಒಂದು ಸಲ ಹಳ್ಳದ ಕಡೆ ನೋಡಿದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಐವತ್ತು ಮಂದಿಯೂ ತುಟಿ ಅಲುಗಿಸುತ್ತ ಎಣಿಸುತ್ತಿದ್ದರು. ಅವಳೂ ಎಣಿಸಿದಳು, ಮೂರಕ್ಕೆ ಇಳಿಸಿದಳು. ಮೌನ ಬರೆದಷ್ಟೇ ಉದ್ದ ಇತ್ತು. ಕೊನೆಗೆ ಅವಳು ಕೈಸನ್ನೆ ಮಾಡಿದಾಗ ಎಲ್ಲರೂ ಕುರ್ಚಿ ಸರಿಸಿ ಒಟ್ಟಿಗೆ ಎದ್ದು ನಿಂತರು, ದಿನವೂ ಏಳುವ ಹಾಗೆ.

ಜನವರಿಯಲ್ಲಿ ಓಸ್ಲೋದ ಮೊದಲ ತಾಲೀಮು. ಅವಳು ಹತ್ತು ವರ್ಷದಿಂದ ಹೋಗದ ಮಂದಿರ, ಅರ್ಧಕ್ಕರ್ಧ ಹೊಸ ಮುಖ. ಎರಡನೆಯ ಅಂಕಕ್ಕೆ ಬಂದಾಗ ಮೊದಲ ಪಿಟೀಲಿನ ಸೋಲ್ವೈಗ್ ಎಂಬ ಹೆಂಗಸು ಕಮಾನು ಎತ್ತಿ ತಡೆದಳು.

"ಮಾಯೆಸ್ತ್ರಾ, ಒಂದು ಅನುಮಾನ. ಈ ಖಾಲಿ ಜಾಗದ ಮೇಲೆ ಎಲ್ಲರ ಪುಸ್ತಕದಲ್ಲೂ ಕನ್ನಡಕ ಇದೆ. ಕೋಲು ನಂಬಬೇಡಿ ಅಂತ ಬರೆದಿದೆ." ಹಿಂದಿನ ಸಾಲುಗಳಲ್ಲಿ ಯಾರೋ ಕುಲುಕುಲು ನಕ್ಕರು. "ಯಾರೋ ಕಿಡಿಗೇಡಿಗಳ ಕೆಲಸ ಇರ್ಬೇಕು. ಅಳಿಸಿಬಿಡಲಾ?"

ವೀಬ್ಕೆ ಕೋಲನ್ನು ಪುಸ್ತಕದ ಮೇಲೆ ಅಡ್ಡ ಇಟ್ಟಳು. ನೂರು ಕಣ್ಣು ಅವಳನ್ನೇ ನೋಡುತ್ತಿದ್ದವು. ಇಪ್ಪತ್ತೊಂಬತ್ತರಲ್ಲಿ ಇದ್ದಷ್ಟೇ ಹೆದರಿಕೆ ಆಯಿತು ಅವಳಿಗೆ.

"ಬೇಡ. ಬರೆದವಳು ನಾನೇ," ಎಂದಳು. "ಆ ಕೋಲೂ ನಂದೇ. ಅಲ್ಲಿ ಒಂದು ಸಲ ತಪ್ಪಿದ್ದೀನಿ, ಇನ್ನೊಂದು ಸಲ ತಪ್ಪಬಹುದು. ತಪ್ಪಿದ್ರೆ ದಯವಿಟ್ಟು ನನ್ನ ಜೊತೆ ಬರಬೇಡಿ."

ಸೋಲ್ವೈಗ್ ತನ್ನ ಸ್ಟ್ಯಾಂಡಿನ ಅಂಚಿನಿಂದ ಪೆನ್ಸಿಲ್ ತೆಗೆದು, ಅಳಿಸುವ ತುದಿಯನ್ನು ಬಿಟ್ಟು ಮೊನೆಯ ತುದಿಯಿಂದ, ಆ ಕನ್ನಡಕವನ್ನೇ ಇನ್ನೊಂದು ಸಲ ತಿದ್ದಿ ಗಾಢ ಮಾಡಿದಳು. ಪಕ್ಕದವರೂ ಪೆನ್ಸಿಲ್ ಹುಡುಕತೊಡಗಿದರು.